ಹುಳ ಜ್ವರಕ್ಕೆ ಕೂತಾಗ ಆಡಿದ ಗೇಮ್

ಹಳೆಯ ರೋಲ್‌ಪ್ಲೇಯಿಂಗ್ ಗೇಮ್‌ಗಳನ್ನು ಗೇಲಿ ಮಾಡುವ ಪೋಸ್ಟೊಂದನ್ನು ಇವತ್ತು ಓದಿದೆ. ಅವುಗಳಲ್ಲಿ ಊರಿನವರು ಎಷ್ಟು ಸಲ ಮಾತಾಡಿಸಿದರೂ ಒಂದೇ ಮಾತು ಹೇಳುತ್ತಾರಂತೆ. ಓದುತ್ತಲೇ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಂತು.

ಮುಳಬಾಗಿಲಿನ ಪಕ್ಕದ ನಮ್ಮೂರಿನಲ್ಲಿ ಮನೆ ತುಂಬ ರೇಷ್ಮೆ ಹುಳ. ಅವು ಪೊರೆ ಬಿಡಲು ಮಲಗಿದರೆ ಜ್ವರಕ್ಕೆ ಕೂತಿವೆ ಎನ್ನುತ್ತಿದ್ದರು. ಆಗ ಸೊಪ್ಪು ಹಾಕುವಂತಿಲ್ಲ, ಸದ್ದು ಮಾಡುವಂತಿಲ್ಲ. ಅಮ್ಮನಿಗೆ ಸಿಗುತ್ತಿದ್ದ ಬಿಡುವು ಅದೊಂದೇ. ಕಲೆಗಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸದ್ದಿಲ್ಲದೆ ಗೇಮ್ ಆಡುತ್ತಿದ್ದ ನನ್ನ ಪಕ್ಕ ಬಂದು ಕೂರುತ್ತಿದ್ದಳು.

ಗೇಮಿನಲ್ಲಿ ಬಾವಿಯ ಹತ್ತಿರ ಒಬ್ಬ ಮುದುಕಿ ಪ್ರತಿಸಲವೂ ತನ್ನ ಮಗ ಬಂದನಾ ಎಂದೇ ಕೇಳುತ್ತಿದ್ದಳು. ನಾನು ಬಟನ್ ಒತ್ತಿ ಮುಂದೆ ಹೋಗುತ್ತಿದ್ದೆ.

"ಪಾಪಂ, ಪೂರ್ತಿ ಕೇಳ್ಕೊಂಡು ಹೋಗೇ," ಎಂದಳು ಅಮ್ಮ. "ಬರ್ತಾನೆ ಅಂತ ಹೇಳೋಕಾಗಲ್ವಾ ಇದ್ರಲ್ಲಿ?"

"ಅಂಥ ಬಟನ್ ಇಲ್ಲಮ್ಮ."

"ಹಂಗಾದ್ರೆ ಚೆನ್ನಾಗಿಲ್ಲ ಬಿಡು ಈ ಆಟ."

ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಇವತ್ತಿಗೂ ಓದಿಲ್ಲ.

ಮನೆಯಲ್ಲೀಗ ಹುಳವಿಲ್ಲ. ಅಮ್ಮನಿಗೆ ಮರೆವಿನ ಕಾಯಿಲೆ. ಇಷ್ಟು ಬರೆಯುವಷ್ಟರಲ್ಲಿ ಮತ್ತೆ ಕೇಳಿದಳು, "ಹುಳ ಜ್ವರದಿಂದ ಎದ್ದವೇನೇ?"

"ಇನ್ನೂ ಇಲ್ಲಮ್ಮ. ಕೂತ್ಕೋ."