ನಿಂತುಹೋದ ಲೋಟದ ಸದ್ದು

ಅಶ್ವತ್ಥಮ್ಮನನ್ನು ನಾನು ಮೊದಲು ಕಂಡದ್ದು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿಯ ಜೂನ್ ತಿಂಗಳಲ್ಲಿ, ಬೇಸಗೆಯ ರಜೆ ಮುಗಿದು ಶಾಲೆ ತೆರೆದ ಎರಡನೆಯ ಸೋಮವಾರ. ಜಂಗಮಕೋಟೆಯಿಂದ ಎರಡು ಮೈಲಿ ಒಳಗಿದ್ದ ಆ ಹಳ್ಳಿಗೆ ನಾನು ವರ್ಗವಾಗಿ ಬಂದು ಹದಿನೈದು ದಿನವೂ ಆಗಿರಲಿಲ್ಲ. ನಮ್ಮ ಶಾಲೆಯ ಗಂಟೆಯೆಂದರೆ ಬೇವಿನ ಮರಕ್ಕೆ ತೂಗುಹಾಕಿದ್ದ ಒಂದು ರೈಲು ಕಂಬಿಯ ತುಂಡು. ಜವಾನ ರಾಮಾಂಜಿನಪ್ಪ ಅದನ್ನು ಬಾರಿಸಿದ. ಮಕ್ಕಳೆಲ್ಲ ಒಳಗೆ ಓಡಿದರು. ಬೇಲಿಯ ಆಚೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಹತ್ತಿರದ ವಯಸ್ಸು, ನೀಲಿ ಅಂಚಿನ ಬಿಳಿ ಸೀರೆ, ಬರಿಗಾಲು. ಕಂಬಿ ಮೊಳಗುವಷ್ಟು ಹೊತ್ತೂ ಸುಮ್ಮನಿದ್ದವಳು ಅದು ನಿಂತ ಕೂಡಲೆ ಬೇಲಿಯ ಗೂಟವನ್ನು ಎರಡು ಕೈಯಿಂದಲೂ ಹಿಡಿದುಕೊಂಡಳು.

"ಯಾರಮ್ಮ ನೀನು? ಯಾವ ಮಗೂನ ನೋಡ್ಬೇಕು?" ಎಂದು ಕೇಳಿದೆ.

"ಯಾರ್ನೂ ಇಲ್ಲ ಸ್ವಾಮಿ. ಗಂಟೆ ಕೇಳಿಸ್ತು, ನಿಂತೆ."

"ಗಂಟೆ ನಿಂತುಹೋಯ್ತಲ್ಲಮ್ಮ."

"ಅದಕ್ಕೇ ಸ್ವಾಮಿ" ಎಂದಳು. ಆದರೆ ಅವಳ ಕಣ್ಣು ಒಂದನೆಯ ತರಗತಿಯ ಕಿಟಕಿಯ ಮೇಲಿತ್ತು.

ರಾಮಾಂಜಿನಪ್ಪ ಒಳಗಿನಿಂದಲೇ ನನ್ನನ್ನು ಕೂಗಿ ಕರೆದ. "ಅವಳು ಆಸ್ಪತ್ರೆ ಆಯಾ ಸಾ, ಅಶ್ವತ್ಥಮ್ಮ ಅಂತ. ನಮ್ಮೂರ ಹೊರಗೇರಿಯೋಳು. ಹತ್ರ ನಿಂತ್ಕೋಬೇಡಿ. ನಿಮಗೆ ಫಿನಾಯಿಲ್ ವಾಸನೆ ಅಂಟಿ, ನಿಮ್ಮಿಂದ ನನಗೆ ಅಂಟಿದ್ರೆ, ನನ್ನ ಹೆಂಡ್ತಿ ಇವತ್ತು ನನ್ನ ಮನೇಗೇ ಸೇರ್ಸಲ್ಲ. ಹುಳ ಹಣ್ಣಾಗ್ತಾ ಇದೆ."

ಆ ಊರಿನಲ್ಲಿ ಮುಕ್ಕಾಲುಪಾಲು ಮನೆಗಳು ರೇಷ್ಮೆಹುಳುವಿನ ಮನೆಗಳು. ಹುಳು ಸೊಪ್ಪು ತಿಂದು ತಿಂದು ಮೈ ಹಳದಿಗಟ್ಟಿ ಹಣ್ಣಾಗಿ ಗೂಡು ಕಟ್ಟುವುದಕ್ಕೆ ಸಿದ್ಧವಾಗುವ ಆ ಏಳೆಂಟು ದಿವಸ ಮನೆಯವರು ಉಸಿರು ಬಿಗಿಹಿಡಿದು ಬಾಳುತ್ತಾರೆ. ಒಗ್ಗರಣೆ ಹಾಕುವುದಿಲ್ಲ, ಬೀಡಿ ಹಚ್ಚುವುದಿಲ್ಲ, ಹೆರಿಗೆಯ ಮನೆಗೂ ಸಾವಿನ ಮನೆಗೂ ಹೋಗುವುದಿಲ್ಲ. ಆಸ್ಪತ್ರೆಯ ವಾಸನೆಯನ್ನಂತೂ ಹೊಸಿಲಿನ ಹತ್ತಿರ ಬರಗೊಡುವುದಿಲ್ಲ. ಅಶ್ವತ್ಥಮ್ಮ ವಾರದ ರಜೆಗೆ ಊರಿಗೆ ಬಂದರೆ ಎಲ್ಲರ ಮನೆಯ ಹೊರಗೇ ನಿಲ್ಲುತ್ತಿದ್ದಳು. ಮುಂದೊಂದು ದಿನ ನಾನು ಈ ಮಾತನ್ನು ತೆಗೆದಾಗ ಅವಳು ನಕ್ಕು, "ಹುಳದ ಕಾಲಕ್ಕೆ ವಾಸನೆ ಅಂತಾರೆ ಮೇಷ್ಟ್ರೇ, ಮಿಕ್ಕ ಕಾಲಕ್ಕೆ ಕೇರಿ ಅಂತಾರೆ. ನಿಲ್ಲೋ ಜಾಗ ಮಾತ್ರ ಒಂದೇ" ಎಂದಿದ್ದಳು.

ಅವಳು ಕಿಟಕಿಯಲ್ಲಿ ಹುಡುಕುತ್ತಿದ್ದುದು ಚಿಕ್ಕವೆಂಕಟಮ್ಮನೆಂಬ ಆರು ವರ್ಷದ ಹುಡುಗಿಯನ್ನು. ತಾಯಿ ಅಮ್ಮಾಜಮ್ಮ ಹೆತ್ತ ದಿನವೇ ತೀರಿಕೊಂಡಿದ್ದಳು. ತಂದೆ ನರಸಿಂಹಪ್ಪ ಮರುಮದುವೆಯಾಗಿ ಮಂಚೇನಹಳ್ಳಿಯ ಕಡೆ ಹೊರಟುಹೋಗಿದ್ದ. ಹುಡುಗಿ ಅಜ್ಜಿ, ಅಂದರೆ ನರಸಿಂಹಪ್ಪನ ತಾಯಿ, ರಾಮಲಕ್ಷ್ಮಮ್ಮನ ಹತ್ತಿರ ಬೆಳೆಯುತ್ತಿದ್ದಳು. ಎರಡು ವರ್ಷ ನಾನು ನೋಡಿದ್ದೇನೆ: ಕೆಲವು ಸೋಮವಾರ ಶಾಲೆಯ ಬೇಲಿಯ ಹತ್ತಿರ, ಕೆಲವು ಸೋಮವಾರ ರಾಮಲಕ್ಷ್ಮಮ್ಮನ ಮನೆಯೆದುರಿನ ಹುಣಸೆಮರದ ಕೆಳಗೆ, ಅಶ್ವತ್ಥಮ್ಮ ಏನೋ ಹೇಳಬೇಕೆಂದು ಬಂದವಳಂತೆ ನಿಲ್ಲುವಳು, ಹೇಳದೆ ಹೋಗುವಳು. ರಾಮಲಕ್ಷ್ಮಮ್ಮ ಬಾಗಿಲಿನಿಂದಲೇ, "ಏನಮ್ಮ, ಇನಾಮು ಸಾಲ್ದಾಗಿತ್ತಾ? ಆಸ್ಪತ್ರೇಲಿ ಮಗೂನ ಒಂಬತ್ತು ದಿನ ನೋಡ್ಕೊಂಡಿದ್ದಕ್ಕೆ ಒಂಬತ್ತು ವರ್ಷ ಬರ್ತೀಯಾ?" ಎಂದು ಚುಚ್ಚುವರು. ಊರಿನವರೂ ಹಾಗೆಯೇ ತಿಳಿದಿದ್ದರು. ನಾನೂ ತಿಳಿದಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

ಅರವತ್ತಮೂರರ ಮಾರ್ಚ್ ತಿಂಗಳಲ್ಲಿ ನನಗೆ ಟೈಫಾಯಿಡ್ ಬಂದಿತು. ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಗೌರಿಬಿದನೂರಿಗೆ ಹೋಗಿದ್ದಳು. ರಾಮಾಂಜಿನಪ್ಪ ನನ್ನನ್ನು ಗಾಡಿಯಲ್ಲಿ ಕರೆದೊಯ್ದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ. ಅದು ಯಾವ ಪೇಟೆಯ ಆಸ್ಪತ್ರೆಯೆಂದು ಇಲ್ಲಿ ಬರೆಯುವುದಿಲ್ಲ. ಒಂದೇ ಉದ್ದನೆಯ ಕೋಣೆ; ನಡುವೆ ಮರದ ಪರದೆ; ಈಚೆಗೆ ಗಂಡಸರು, ಆಚೆಗೆ ಹೆಂಗಸರು. ಅಶ್ವತ್ಥಮ್ಮ ಎರಡು ಕಡೆಗೂ ಆಯಾ.

ಹದಿನೆಂಟು ದಿವಸ ಅಲ್ಲಿ ಮಲಗಿದ್ದು ನಾನು ಕಂಡುಕೊಂಡದ್ದೇನೆಂದರೆ, ಆ ಒಂದು ಕಟ್ಟಡದೊಳಗೆ ಎರಡು ಆಸ್ಪತ್ರೆಗಳಿದ್ದುವು. ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಯ ಕಡೆಯಿಂದ ಲೇಡಿ ಡಾಕ್ಟರು ಬರುತ್ತಿದ್ದರು. ಆ ದಿನಗಳಲ್ಲಿ ಬಿಳಿಯ ದುಪ್ಪಟಿ, ತೊಳೆದ ನೆಲ, ಕುದಿಸಿದ ಸೂಜಿ. ನಾವು ಮನೆಯಿಂದ ತಂದಿದ್ದ ಸೀಸೆಗಳಿಗೆ ಕಾಂಪೌಂಡರು ಸುರಿಯುತ್ತಿದ್ದ ಔಷಧವೂ ಸ್ವಲ್ಪ ಕಹಿಯಾಗಿರುತ್ತಿತ್ತು. ಮಿಕ್ಕ ದಿನಗಳಲ್ಲಿ ಎಲ್ಲ ರೋಗಕ್ಕೂ ಒಂದೇ ಕೆಂಪು ನೀರು. ಆಗ ಯಾರ ಮಂಚದ ಸುತ್ತ ಜನ ಹೆಚ್ಚೋ ಅವರಿಗೆ ಆರೈಕೆ ಹೆಚ್ಚು. ನನ್ನ ಬಲಗಡೆಯ ಮಂಚದಲ್ಲಿದ್ದ ಅಕ್ಕಿ ವ್ಯಾಪಾರಿಗೆ ಕಾಲು ಉಳುಕಿತ್ತು, ಅಷ್ಟೆ. ಅವನ ಜೊತೆ ಆರು ಜನ. "ಏನ್ರೀ ನರ್ಸಮ್ಮ, ನಮ್ಮಣ್ಣ ನೋವು ಅಂತಾನೆ, ನೀವು ಸ್ವೆಟರ್ ಹೆಣೀತಾ ಕೂತಿದೀರಾ?" ಎಂದು ಒಬ್ಬ ಕೂಗಿದರೆ ಸಾಕು, ನರ್ಸು, ಕಾಂಪೌಂಡರು, ಗಾಯ ಕಟ್ಟುವ ಡ್ರೆಸ್ಸರು ಎಲ್ಲರೂ ಅಲ್ಲಿಗೆ. ನೂರ ನಾಲ್ಕು ಡಿಗ್ರಿಯಲ್ಲಿ ಬೇಯುತ್ತಿದ್ದ ನಾನು, ಮಕ್ಕಳಿಗೆ ಗದ್ದಲ ಮಾಡಬೇಡಿರೆಂದು ಮೂವತ್ತು ವರ್ಷ ಹೇಳಿದ ಮೇಷ್ಟ್ರು, ಕೂಗಲಾರದೆ ಮಲಗಿರುತ್ತಿದ್ದೆ.

ಆದರೆ ಅಶ್ವತ್ಥಮ್ಮ ಮಾತ್ರ ಬೆಳಗ್ಗೆ ಬಂದೊಡನೆ ನೆಟ್ಟಗೆ ನನ್ನ ಮಂಚಕ್ಕೆ ಬರುತ್ತಿದ್ದಳು. ಆಮೇಲೆ ಬಾಗಿಲ ಹತ್ತಿರ ಯಾರೂ ಇಲ್ಲದೆ ಮಲಗಿದ್ದ ಮುದುಕನ ಬಳಿಗೆ. ಅಕ್ಕಿ ವ್ಯಾಪಾರಿಯ ಸರದಿ ಕೊನೆಗೆ.

"ಅಲ್ಲಿ ಅಷ್ಟು ಕೂಗ್ತಿದಾರಲ್ಲಮ್ಮ" ಎಂದೆ ಒಂದು ದಿನ.

"ಕೂಗೋರು ಬದುಕಿರ್ತಾರೆ ಮೇಷ್ಟ್ರೇ."

ಅಂದು ಬುಧವಾರ, ಮಧ್ಯಾಹ್ನ ಎರಡು ಗಂಟೆ. ಅಲ್ಲಿಯ ಖಾಯಂ ಡಾಕ್ಟರು ಮನೆಗೆ, ನರ್ಸು ಊಟಕ್ಕೆ. ಹೊರಗೆ ಬಿಸಿಲು, ಒಳಗೆ ನೊಣದ ಸದ್ದು. ಅವಳು ನನ್ನ ಹಣೆಯ ಬಟ್ಟೆ ಬದಲಾಯಿಸುತ್ತಾ ತಾನಾಗಿಯೇ ಆರಂಭಿಸಿದಳು. ಅವಳು ಹೇಳಿದ್ದನ್ನು ಕೂಡಿಸದೆ ಕಳೆಯದೆ ಬರೆಯುತ್ತೇನೆ.

ಎಂಟು ವರ್ಷದ ಹಿಂದೆ, ಶಿವರಾತ್ರಿ ಕಳೆದ ವಾರದಲ್ಲಿ, ನರಸಿಂಹಪ್ಪ ಹೆಂಡತಿಯನ್ನು ಗಾಡಿಯಲ್ಲಿ ತಂದು ಆಸ್ಪತ್ರೆಯ ಗೇಟಿನ ಹೊರಗೆ ಇಳಿಸಿದ. ಮನೆಯಲ್ಲಿ ಹುಳು ಹಣ್ಣಾಗುತ್ತಿತ್ತು. ಒಳಗೆ ಕಾಲಿಟ್ಟರೆ ವಾಸನೆ. ಆಮೇಲೆ ಹುಳುವಿನ ತಟ್ಟೆ ಮುಟ್ಟುವಂತಿಲ್ಲ. ಆದ್ದರಿಂದ ಅವಳ ಜೊತೆಗೆ ತಾಯಿ, ಅತ್ತೆ, ನಾದಿನಿ ಯಾರೂ ಬಂದಿರಲಿಲ್ಲ. "ನೀನಿದೀಯಲ್ಲ ಅಶ್ವತ್ಥಮ್ಮ, ನಮ್ಮೂರೋಳು. ನೋಡ್ಕೋ" ಎಂದ. "ನೋಡ್ಕೋತೀನಿ, ಹೋಗಪ್ಪ" ಎಂದು ಇವಳು ಕೈಹಿಡಿದು ಒಳಗೆ ಕರೆತಂದಳು. ಮರುದಿನ ಬೆಳಗ್ಗೆ ಹೆರಿಗೆ ಸುಸೂತ್ರವಾಗಿ ಆಯಿತು. ಅಮ್ಮಾಜಮ್ಮ ಮಗುವಿನ ಮೂಗು ನೋಡಿ, "ಅಯ್ಯೋ, ನಮ್ಮತ್ತೇದೇ ಕಣೇ ಅಶ್ವತ್ಥಕ್ಕ!" ಎಂದು ನಕ್ಕಳಂತೆ.

ಮಧ್ಯಾಹ್ನ ಎರಡು ಗಂಟೆಗೆ ಆ ಕೊನೆಯಲ್ಲಿ ಒಬ್ಬ ಸಾಹುಕಾರರ ಸೊಸೆಗೆ ಹೊಟ್ಟೆನೋವು. ಅವರ ಕಡೆಯ ಏಳೆಂಟು ಜನ ಬಿಸಿನೀರು ತಾ ಎಂದು ಅಶ್ವತ್ಥಮ್ಮನನ್ನು ಸುತ್ತಿಕೊಂಡಿದ್ದರು. ಈ ಕೊನೆಯಲ್ಲಿ ಅಮ್ಮಾಜಮ್ಮ ತನ್ನ ಹಿತ್ತಾಳೆ ಲೋಟದಿಂದ ಮಂಚದ ಕಬ್ಬಿಣವನ್ನು ಬಡಿದಳು. ಮೂರು ಸಲ. ತಡೆದು ಮೂರು ಸಲ. ತಡೆದು ಎರಡು ಸಲ.

"ಕೇಳಿಸ್ತು ಮೇಷ್ಟ್ರೇ. ಕೇಳಿಸ್ಲಿಲ್ಲ ಅಂತ ಹೇಳಲಾರೆ. ಬರ್ತೀನಿ ಇರಮ್ಮ ಅಂತ ಮನಸ್ಸಲ್ಲೇ ಅಂದೆ. ಆಮೇಲೆ ಸದ್ದು ನಿಂತ್ಹೋಯ್ತು. ಸದ್ಯ, ನಿಂತಿತು, ನಿದ್ದೆ ಬಂತು ಅಂದ್ಕೊಂಡೆ. ಬಿಸಿನೀರು ಕೊಟ್ಟು ಬಂದು ನೋಡ್ತೀನಿ, ಮಂಚದ ಕೆಳಗೆಲ್ಲ ರಕ್ತ. ಲೋಟ ಕೈಯಲ್ಲೇ ಇತ್ತು. ಮಂಗಳವಾರ ಆಗಿದ್ರೆ ಲೇಡಿ ಡಾಕ್ಟ್ರು ಉಳಿಸ್ತಿದ್ರೋ ಏನೋ. ಅವತ್ತು ಬುಧವಾರ. ಆವತ್ತಿಂದ ಯಾವ ಸದ್ದು ನಿಂತ್ರೂ ನನ್ನ ಜೀವ ಹಾರ್ತದೆ. ರಾಟೆ ನಿಂತ್ರೂ, ನಿಮ್ಮ ಗಂಟೆ ನಿಂತ್ರೂ."

ಹುಳು ಗೂಡು ಕಟ್ಟುವವರೆಗೆ ಮಗುವನ್ನೂ ಮನೆಯವರು ಕರೆದುಕೊಳ್ಳಲಿಲ್ಲ. ಪಕ್ಕದ ಮಂಚದ ಬಾಣಂತಿಯೊಬ್ಬಳು ಎದೆಹಾಲು ಕೊಟ್ಟಳು. ಒಂಬತ್ತನೆಯ ದಿನ ಅಶ್ವತ್ಥಮ್ಮ ಮಗುವನ್ನೂ ಲೋಟವನ್ನೂ ಗೇಟಿನ ಹೊರಗೆ ಒಪ್ಪಿಸಿದಳು. ಹಣೆಯಲ್ಲಿ ಬರೆದಿತ್ತು ಎಂದರು ಮನೆಯವರು. ಇವಳು ಬಾಯಿ ತೆರೆಯಲಿಲ್ಲ.

"ಆ ಮನೆಗೆ ಹೋಗಿ ಹೇಳ್ಬೇಕು ಅಂತ ಹೋಗ್ತೀನಿ. ಹುಣಸೆಮರ ದಾಟಕ್ಕೆ ಆಗಲ್ಲ. ಹೇಳ್ಲಾ, ಬೇಡ್ವಾ? ನೀವು ಓದಿರೋರು."

ನಾನು ಓದಿದವನಂತೆಯೇ ಬುದ್ಧಿ ಹೇಳಿದೆ. ಮಗು ನಗುನಗುತ್ತಾ ಶಾಲೆಗೆ ಬರುತ್ತಿದೆ. ಆರಿದ ಗಾಯವನ್ನು ಕೆದಕುವುದೇಕೆ. ನಿನ್ನ ಕೆಲಸಕ್ಕೂ ಸಂಚಕಾರ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಕೈಯನ್ನು ತೆಗೆದು ಮಂಚದ ಪಕ್ಕದ ಪಟ್ಟಿಯ ಮೇಲಿಟ್ಟಳು. ಅಲ್ಲಿ ಹಸಿರು ಬಣ್ಣ ಚಕ್ಕೆಯೆದ್ದು ಕಬ್ಬಿಣ ಕಾಣುತ್ತಿತ್ತು. ಜ್ವರದ ಬೇಸರಕ್ಕೆ ನಾನು ಹತ್ತು ದಿವಸದಿಂದ ಬೆರಳಿನಿಂದ ಸವರುತ್ತಿದ್ದ ಜಾಗ ಅದು.

"ಆಗ ಪರದೆ ಇನ್ನೂ ಈಚೆಗಿತ್ತು, ಇದೂ ಹೆಂಗಸ್ರ ಕಡೇನೇ. ಇದೇ ಮಂಚ" ಎಂದು ಹೇಳಿ ಎದ್ದು ಹೋದಳು.

ಮರುದಿನ ಅದೇ ಹೊತ್ತು. ನನಗೆ ಬಾಯಾರಿತ್ತು, ನೀರಿನ ಹೂಜಿ ಕೈಗೆ ಎಟುಕಲಿಲ್ಲ. ತಲೆಯ ಬಳಿ ಆಸ್ಪತ್ರೆಯ ತಗಡಿನ ಲೋಟವಿತ್ತು. ಅದನ್ನು ತೆಗೆದುಕೊಂಡು ಆ ಚಕ್ಕೆಯೆದ್ದ ಜಾಗಕ್ಕೆ ಮೂರು ಸಲ ಬಡಿದೆ. ಸದ್ದು ಕೋಣೆಯ ಅರ್ಧಕ್ಕೂ ಮುಟ್ಟಿದಂತೆ ಕಾಣಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ನನ್ನ ಕೈ ತಾನಾಗಿಯೇ ಸೋತು ಕೆಳಗಿಳಿಯಿತು. ಅಷ್ಟು ಬೇಗ ಸೋಲುತ್ತದೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಈ ಮಂಚದ ಮೇಲೆ ನನಗಿಂತ ಮೊದಲು ಒಬ್ಬಳು ಹೀಗೆಯೇ ಕೈ ಇಳಿಸಿದಳೆಂಬುದು ನನ್ನ ಮೈಯನ್ನು ಹೊಕ್ಕಿತು.

ಅಶ್ವತ್ಥಮ್ಮ ಪರದೆ ತಳ್ಳಿಕೊಂಡು ಓಡಿಬಂದಳು. ಅವಳ ಮುಖದಲ್ಲಿ ಜೀವಕಳೆ ಇರಲಿಲ್ಲ. ಹೂಜಿಯಿಂದ ಬಗ್ಗಿಸಿ ನೀರು ಕುಡಿಸಿದಳು.

"ನಿಲ್ಲಿಸ್ಬಾರ್ದು ಮೇಷ್ಟ್ರೇ. ಬಡೀತಾನೇ ಇರ್ಬೇಕು."

"ನೀನು ಹೋಗಿ ಹೇಳಮ್ಮ. ನಿನ್ನೆ ನಾನು ಹೇಳಿದ್ದು ತಪ್ಪು. ನಾನೂ ಜೊತೆಗೆ ಬರ್ತೀನಿ" ಎಂದೆ.

ನಾನು ಚೇತರಿಸಿಕೊಂಡ ಮೇಲೆ, ಬೇಸಗೆಯ ರಜೆಯ ಒಂದು ಸೋಮವಾರ ಬೆಳಗ್ಗೆ ಹೋದೆವು. ರಾಮಲಕ್ಷ್ಮಮ್ಮ ಜಗಲಿಯ ಮೇಲೆ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದರು. ನಾನು ಜಗಲಿಯ ತುದಿಯಲ್ಲಿ ಕುಳಿತೆ. ಅಶ್ವತ್ಥಮ್ಮ ಹುಣಸೆಮರದ ಕೆಳಗೆ ನಿಂತಳು.

"ಕರ್ಕೊಂಡ್ ಬಂದ್ಯಾ ವಕೀಲರ್ನ?" ಎಂದರು ರಾಮಲಕ್ಷ್ಮಮ್ಮ, ನನ್ನನ್ನು ತೋರಿಸಿ.

ಅಶ್ವತ್ಥಮ್ಮ ನಿಂತಲ್ಲಿಂದಲೇ ಹೇಳಿದಳು. ಅಳಲಿಲ್ಲ. ನನಗೆ ಹೇಳಿದ್ದ ಮಾತುಗಳನ್ನೇ, ಅದೇ ಕ್ರಮದಲ್ಲಿ. ಎಂಟು ವರ್ಷ ಮನಸ್ಸಿನಲ್ಲಿ ಒಪ್ಪಿಸಿಕೊಂಡಿದ್ದ ಪಾಠದಂತೆ. ಮೊರದ ಮೇಲಿನ ಕೈ ನಿಂತಿತು.

ರಾಮಲಕ್ಷ್ಮಮ್ಮ ಕೇಳಿದರು: "ಎಷ್ಟು ಸಲ ಹೊಡೆದ್ಲು ಅಂದೆ?"

"ಎಂಟು ಸಲ ಅಮ್ಮ."

"ನನ್ನ ಕಿವೀಗೆ ಬಿದ್ದಿದ್ರೂ ನಾನು ಬರ್ತಿರ್ಲಿಲ್ಲ ಕಣೇ. ಹುಳ ಹಣ್ಣಾಗಿತ್ತು. ಸಾವಿನ ಸುದ್ದಿ ತಂದೋನ್ನೂ ಇದೇ ಮರದ ಕೆಳಗೆ ನಿಲ್ಲಿಸ್ದೆ." ನನ್ನ ಕಡೆ ತಿರುಗಿ ಹೇಳಿದರು: "ಆ ಸಲದಂಥ ಗೂಡು ನಮ್ಮನೇಲಿ ಹಿಂದೆಂದೂ ಆಗಿರ್ಲಿಲ್ಲ ಮೇಷ್ಟ್ರೇ. ಒಂದು ಹುಳಾನೂ ಕೆಡಲಿಲ್ಲ."

ಆಗ ನಾನು ಗಮನಿಸಿದೆ: ಆ ಮನೆಯ ಹುಳುವಿನ ಕೋಣೆಗೆ ಬೀಗ ಬಿದ್ದು, ಬೀಗ ತುಕ್ಕು ಹಿಡಿದಿತ್ತು. ತಟ್ಟೆಗಳನ್ನು ಹಿತ್ತಲಿನಲ್ಲಿ ಕೋಳಿಗೆ ಕವುಚಿದ್ದರು.

ಅಷ್ಟರಲ್ಲಿ ಚಿಕ್ಕವೆಂಕಟಮ್ಮ ನನಗೆ ಕುಡಿಯಲು ನೀರು ತಂದಳು. ಹಿತ್ತಾಳೆ ಲೋಟ; ಅಂಚಿನ ಒಂದು ಕಡೆ ನೆಗ್ಗಿತ್ತು. ಅಶ್ವತ್ಥಮ್ಮ ಮರದ ಕಾಂಡಕ್ಕೆ ಒರಗಿಕೊಂಡದ್ದನ್ನು ನೋಡಿ ಅದು ಯಾವ ಲೋಟವೆಂದು ನನಗೆ ತಿಳಿಯಿತು. ನಾನು ಕುಡಿಯಲಾರದೆ ಕೆಳಗಿಟ್ಟೆ. ರಾಮಲಕ್ಷ್ಮಮ್ಮ ಆ ನೀರನ್ನು ತುಳಸಿಯ ಬುಡಕ್ಕೆ ಚೆಲ್ಲಿ, ಲೋಟವನ್ನು ಜಗಲಿಯ ಅಂಚಿನಲ್ಲಿಟ್ಟರು.

"ತಗೊಂಡು ಹೋಗು. ಇದು ಇನ್ನು ಈ ಮನೇಲಿ ಬೇಡ."

ಅದು ಕ್ಷಮೆಯೋ ಶಾಪವೋ, ಇಂದಿಗೂ ನನಗೆ ತಿಳಿಯದು. ಒಳಗೆ ಬಾ ಎನ್ನಲಿಲ್ಲ. ಇನ್ನು ಬರಬೇಡ ಎಂದೂ ಹೇಳಲಿಲ್ಲ. ಅಶ್ವತ್ಥಮ್ಮ ಎಂಟು ವರ್ಷದಲ್ಲಿ ಮೊದಲ ಸಲ ಹುಣಸೆಮರವನ್ನು ದಾಟಿ ಜಗಲಿಯವರೆಗೆ ಬಂದಳು. ಲೋಟವನ್ನು ಎತ್ತಿಕೊಂಡು ಸೆರಗಿನಲ್ಲಿ ಸುತ್ತಿದಳು. ಹುಡುಗಿ, "ಅಜ್ಜೀ, ಅದು ನನ್ನ ಲೋಟ ಕಣಜ್ಜಿ!" ಎಂದಳು. ರಾಮಲಕ್ಷ್ಮಮ್ಮ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ಇದು ಅರವತ್ತೊಂಬತ್ತನೆಯ ಇಸವಿ. ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಕಳೆದ ತಿಂಗಳು ಹೆಂಡತಿಯ ಕಣ್ಣು ತೋರಿಸಲು ಆ ಆಸ್ಪತ್ರೆಗೆ ಹೋಗಿದ್ದೆ. ಲೇಡಿ ಡಾಕ್ಟರು ಈಗ ಶುಕ್ರವಾರ ಮಾತ್ರ ಬರುತ್ತಾರಂತೆ. ಅಶ್ವತ್ಥಮ್ಮ ಇನ್ನೂ ಕೆಲಸದಲ್ಲಿದ್ದಾಳೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಆ ಲೋಟದ ಕಂಠಕ್ಕೆ ದಾರ ಕಟ್ಟಿದ್ದಾಳೆ. ಯಾರ ಜೊತೆಗೆ ಯಾರೂ ಬಂದಿರುವುದಿಲ್ಲವೋ ಅವರ ಮಂಚಕ್ಕೆ ಅದನ್ನು ತೂಗುಹಾಕುತ್ತಾಳೆ. ಅಂದು ಅದು ಮುನಿಶಾಮಮ್ಮನೆಂಬ ಒಂಟಿ ಮುದುಕಿಯ ಮಂಚದಲ್ಲಿತ್ತು.

"ಬಡಿ ತಾಯಿ. ನಾನು ಬರೋವರ್ಗೂ ಬಡೀತಾನೇ ಇರು. ಯಾರು ಬೈದ್ರೂ ನಿಲ್ಲಿಸ್ಬೇಡ" ಎಂದು ಅವಳಿಗೆ ಹೇಳಿಕೊಡುತ್ತಿದ್ದಳು.

ಹೊಸದಾಗಿ ಬಂದಿರುವ ಹುಡುಗ ಡಾಕ್ಟರು, "ಇದೇನು ಆಸ್ಪತ್ರೆಯೋ ಕಂಚುಗಾರರ ಬೀದಿಯೋ?" ಎಂದು ರೇಗಿದರು. ಅವಳು ತಲೆತಗ್ಗಿಸಿ ಕೇಳಿಸಿಕೊಂಡಳು. ಲೋಟವನ್ನು ಮಾತ್ರ ಬಿಚ್ಚಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಎಲ್ಲರೂ ಊಟಕ್ಕೆ ಹೋದರು. ಅಶ್ವತ್ಥಮ್ಮ ಪರದೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ನನ್ನೊಡನೆ ಮಾತನಾಡುತ್ತಿದ್ದಳು. ಆ ಕೊನೆಯಲ್ಲಿ ಲೋಟದ ಸದ್ದು ಆರಂಭವಾಯಿತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನಾನು ಕಿವಿಗೊಟ್ಟೆ, ಬರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ನನ್ನ ಪಕ್ಕದ ಸ್ಟೂಲು ಬರಿದಾಗಿತ್ತು.