ಮದುವೆ ಮಾತ್ರೆಯಲ್ಲ
ಮುಟ್ಟು ಶುರುವಾದರೆ ನನಗೆ ವಾರಗಟ್ಟಲೆ ನಿಲ್ಲುತ್ತಿರಲಿಲ್ಲ. ಚಿತ್ರದುರ್ಗದ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾ ಕುಳಿತಿದ್ದವಳು ಒಂದು ದಿನ ತಲೆ ತಿರುಗಿ ಬಿದ್ದೆ. ಸುದ್ದಿ ತಿಳಿದ ಅವ್ವ ಮರುದಿನವೇ ನಮ್ಮೂರು ಹರಿಯಬ್ಬೆಯಿಂದ ಬಸ್ಸು ಹತ್ತಿ ಬಂದಳು.

ನಾನು ಒಬ್ಬ ಹುಡುಗಿಯ ಜೊತೆ ಬಾಡಿಗೆ ಮನೆಯಲ್ಲಿದ್ದೆ. ಅವಳು ಬರೀ ಗೆಳತಿಯಲ್ಲ, ನಾನು ಪ್ರೀತಿಸುವವಳು ಎಂದು ಹಿಂದಿನ ವರ್ಷವೇ ಅವ್ವನಿಗೆ ಹೇಳಿದ್ದೆ. ಅಂದು ಕುರಿಗಳಿಗೆ ನೀರಿಡಲು ಎದ್ದುಹೋದ ಅವ್ವ ಆಮೇಲೆ ಆ ಮಾತನ್ನೇ ಎತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಬಿಟ್ಟು ಅವ್ವನನ್ನು ಕೇಳಿದರು: "ಮದುವೆ ಆಗಿದೆಯಾ?"

"ಇಲ್ರಿ, ಗಂಡು ನೋಡ್ತಾ ಇದೀವಿ."

"ಬೇಗ ಮಾಡಿಬಿಡಿ. ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ."

ಹೊಟ್ಟೆ ಮುಟ್ಟಿ ನೋಡಿರಲಿಲ್ಲ, ರಕ್ತ ಪರೀಕ್ಷೆಗೂ ಬರೆದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಯಾರೂ ಗಂಡು ನೋಡ್ತಾ ಇಲ್ಲ ಮೇಡಂ. ನಾನು ಒಬ್ಬ ಹುಡುಗಿ ಜೊತೆ ಸಂಸಾರ ಮಾಡ್ತಾ ಇದೀನಿ. ರಕ್ತ ಯಾಕೆ ಹೋಗ್ತೈತೆ, ಅದನ್ನ ಹೇಳ್ರಿ."

ಅವರು ಪೆನ್ನು ಕೆಳಗಿಟ್ಟರು. ಅವ್ವ ನನ್ನ ರಟ್ಟೆ ಹಿಡಿದು ಹೊರಗೆಳೆದಳು.

"ಮಂದಿ ಮುಂದೆ ಮಾನ ಕಳೀತೀಯಲ್ಲೇ!"

"ಮಾನಕ್ಕೆ ಔಷಧಿ ಕೇಳಕ್ಕೆ ಬಂದಿದ್ವೇನವ್ವ? ಕುರಿ ಮಂಕಾದ್ರೆ ಏನು ತಿಂತು, ಯಾವ ಟಗರಿನ ಜೊತೆ ಇತ್ತು ಅಂತ ದನದ ಡಾಕ್ಟರಿಗೆ ಒಂದೂ ಮುಚ್ಚಿಡಲ್ಲ ನೀನು. ಮಗಳ ವಿಷಯಕ್ಕೆ ಸುಳ್ಳು ಯಾಕೆ?"

ಅವ್ವ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಮದುವೆ ಆಗ್ದಿದ್ರೆ ಇದು ನಿಲ್ಲಾದೇ ಇಲ್ವೇನೇ? ನಂಗೆ ಅದೇ ಭಯ."

ಅವಳ ಭಯ ಇಂಥದ್ದು ಎಂದು ನನಗೆ ಗೊತ್ತಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

"ಮದುವೆ ಏನು ಮಾತ್ರೆನಾ? ಅಕ್ಕಂಗೆ ಮದುವೆ ಆಗಿ ಎರಡು ಮಕ್ಕಳೂ ಆದ್ವು. ರಕ್ತ ಕಮ್ಮಿ ಅಂತ ಅವಳಿಗೆ ಇನ್ನೂ ಇಂಜೆಕ್ಷನ್ ಕೊಡಿಸ್ತಾ ಇಲ್ವಾ ನೀನು?"

ಮಧ್ಯಾಹ್ನ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲೂ ಅದೇ ಪ್ರಶ್ನೆ, ಅದೂ ಅವ್ವನಿಗೇ. ಅವಳು ಕಿಟಕಿಯತ್ತ ಮುಖ ತಿರುಗಿಸಿ, "ಅವಳ್ನೇ ಕೇಳ್ರಿ, ಮೈ ಅವಳ್ದು," ಎಂದಳು. ನಾನು ಎಲ್ಲವನ್ನೂ ಹೇಳಿದೆ. ಆ ಡಾಕ್ಟರು ತಲೆಯಾಡಿಸಿ ಸ್ಕ್ಯಾನಿಂಗ್‌ಗೆ ಬರೆದರು. ಗರ್ಭಕೋಶದಲ್ಲಿ ಗಡ್ಡೆಯಿತ್ತು.

ಆಪರೇಷನ್ ದಿನ ನನ್ನವಳು ಪಕ್ಕದಲ್ಲೇ ನಿಂತಿದ್ದಳು. ನರ್ಸ್ ಅವಳತ್ತ ಕೈ ಮಾಡಿ, "ಇವರು ಯಾರು?" ಎಂದರು.

"ನಮ್ಮನೆಯೋಳು," ಎಂದೆ. ಅವ್ವ ನನ್ನ ಹೊದಿಕೆ ಸರಿಮಾಡತೊಡಗಿದಳು.

ಈಗ ರಕ್ತಸ್ರಾವ ಹತೋಟಿಗೆ ಬಂದಿದೆ. ನೆಂಟರ ಮುಂದೆ ಅವ್ವ ಇವತ್ತಿಗೂ ಅವಳನ್ನು ನನ್ನ ರೂಮ್‌ಮೇಟ್ ಅನ್ನುತ್ತಾಳೆ. ನಾನು ಅಲ್ಲಿದ್ದರೆ ಪ್ರತಿ ಸಲವೂ ತಿದ್ದುತ್ತೇನೆ.