ಸಂತೆಯ ಹಿಂದಿನ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಅಕ್ಕ ಹಿಟ್ಟಿನ ಡಬ್ಬಿಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿಯೇ ಒಳಗೆ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದಳು. ತುಂಬಿದ್ದರೆ ಡಬ್ಬಿ ಗುಮ್ಮೆಂದು ದಪ್ಪ ದನಿ ಮಾಡುತ್ತಿತ್ತು. ಅರ್ಧಕ್ಕೆ ಇಳಿದರೆ ದನಿ ತೆಳುವಾಗುತ್ತಿತ್ತು. ಖಾಲಿಯಾದರೆ ಮಾತ್ರ ಠಣ್ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಆ ದನಿ ಕೇಳಿದರೆ ನಾನು ಈಗಲೂ ಕೈಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತೇನೆ. ಯಾಕೆಂದರೆ ಒಂದು ಸಲ ಆ ಡಬ್ಬಿಯನ್ನು ಖಾಲಿ ಮಾಡಿದವಳು ನಾನೇ.

ನಮ್ಮದು ಗಜೇಂದ್ರಗಡದ ನೇಕಾರರ ಓಣಿ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಸೀರೆ ನೇಯುತ್ತಿದ್ದ. ಸಂತೆಯ ದಿನ ಬೆಳಿಗ್ಗೆ ಅವನಿಗೆ ಕೂಲಿ ಸಿಗುತ್ತಿತ್ತು. ಅದೇ ಸಂಜೆ ಆ ಕೂಲಿ ಜೋಳ, ಬೇಳೆ, ಖಾರ, ಉಪ್ಪು, ಚಿಮಣಿ ಎಣ್ಣೆಯಾಗಿ ಚೀಲದಲ್ಲಿ ಮನೆಗೆ ಬರುತ್ತಿತ್ತು. ಮುಂದಿನ ಸಂತೆಯವರೆಗೆ ಅಷ್ಟೇ. ನಡುವೆ ಏನಾದರೂ ಮುಗಿದರೆ ಅದು ಮುಗಿದ ಹಾಗೆಯೇ. ನಮ್ಮ ಮನೆಯಲ್ಲಿ ಉಣ್ಣುವವರು ನಾಲ್ಕು ಜನ ಎಂದು ನಾನು ಎಣಿಸಿದರೆ ಅವ್ವ ಐದು ಎನ್ನುತ್ತಿದ್ದಳು. ಐದನೆಯದು ಮಗ್ಗ. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅವು ನೇಯುವಾಗ ಹರಿಯಬಾರದೆಂದು ಮೊದಲೇ ಅವಕ್ಕೆ ಗಂಜಿ ಹಚ್ಚಬೇಕು. ನಮ್ಮಲ್ಲಿ ಜೋಳದ ಹಿಟ್ಟಿನ ಗಂಜಿಯೇ ಆಗುತ್ತಿತ್ತು. ಹಾಗಾಗಿ ಸಂತೆಯಿಂದ ತಂದ ಜೋಳದಲ್ಲಿ ಮಗ್ಗಕ್ಕೂ ಒಂದು ಪಾಲು ಇರುತ್ತಿತ್ತು.

ಆ ಬೇಸಿಗೆಯಲ್ಲಿ ಅವ್ವ ಹೆರಿಗೆಗೆಂದು ತವರುಮನೆ ಮುಶಿಗೇರಿಗೆ ಹೋಗಿದ್ದಳು. ಅಕ್ಕನಿಗೆ ಹನ್ನೆರಡು, ನನಗೆ ಎಂಟು. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಅಸೂಟಿಯಿಂದ ಸಂತೆಗೆ ಬಂದವರು ನಮ್ಮ ಮನೆಯ ಒಲೆ, ಪಾತ್ರೆ, ನನ್ನ ತಲೆಗೂದಲು ಎಲ್ಲವನ್ನೂ ಒಂದು ಸುತ್ತು ನೋಡಿದರು.

"ಎರಡೂ ಹುಡುಗ್ಯಾರನ್ನ ನಾ ಊರಿಗೆ ಕರಕೊಂಡ ಹೋಗ್ತೀನಿ. ಹನ್ನೆರಡ ವರ್ಷದಾಕಿ ಮನಿ ನಡಸೂದಂದ್ರ ಆಟ ಏನ?"

ಅಕ್ಕ ಏಳನೆಯ ತರಗತಿಯಲ್ಲಿದ್ದಳು. ಪರೀಕ್ಷೆ ಎದುರಿಗೇ ಇತ್ತು. ಈಗ ಶಾಲೆ ಬಿಟ್ಟು ಹೋದರೆ ವರ್ಷವೇ ಹೋದ ಹಾಗೆ. ಹಾಗೆ ಮನೆಯಲ್ಲಿ ಉಳಿದ ಹುಡುಗಿಯರು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಅಕ್ಕ ಲಂಗದ ತುದಿಯನ್ನು ಹಿಂಡುತ್ತಾ ಹೇಳಿದಳು, "ಒಂದ ವಾರ ನೋಡ್ರಿ ಅತ್ತಿ. ಮನಿಯಾಗಿಂದರಾಗ ನಡಸ್ತೀನಿ. ಆಮ್ಯಾಲ ನೀವ್ ಹೇಳಿದಂಗ ಕೇಳ್ತೀನಿ."

ಅತ್ತೆ ಸಂತೆಯ ಚೀಲವನ್ನು ಕೈಗೆತ್ತಿಕೊಂಡರು. "ಆತು. ಮುಂದಿನ ಸಂತಿ ಹಿಂದಿನ ದಿನ ಮಧ್ಯಾಹ್ನ ಊಟಕ್ಕ ಬರ್ತೀನಿ. ಸಂತಿ ದಿನ ಎಲ್ಲಾರ ಮನ್ಯಾಗೂ ಅಡಗಿ ಇರತೈತಿ. ಹಿಂದಿನ ದಿನ ಒಲಿ ಹತ್ತಿದ್ರ ಅದಕ್ಕ ಮನಿ ಅಂತಾರ."

ಅದೇ ವಾರ ಅಪ್ಪನಿಗೆ ಕೂಲಿಯೂ ಕಡಿಮೆ ಬಂದಿತ್ತು. ಹಿಂದಿನ ಸಲ ಗಂಜಿ ತೆಳುವಾಗಿ, ಎಳೆಗಳು ಹರಿದು ಹರಿದು, ಗಂಟು ಹಾಕುವುದರಲ್ಲೇ ಅವನ ದಿನಗಳು ಕಳೆದಿದ್ದವು. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎನ್ನುತ್ತಾರಲ್ಲ, ಅಕ್ಕ ಆ ವಾರ ಕಾಲು ಮಡಚಿಕೊಂಡೇ ಇದ್ದಳು. ಸಂತೆಗೆ ಹೊತ್ತು ಮುಳುಗುವಾಗ ಹೋದಳು. ಕಾಯಿಪಲ್ಯ ಮಾರುವವರು ಊರಿಗೆ ಹೊರಡುವ ಅವಸರದಲ್ಲಿ ಬಾಡಿದ ಬದನೆಕಾಯಿಯನ್ನು ಅಗ್ಗಕ್ಕೆ ಕೊಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಬೇಳೆ ಬೇಯಿಸಿದ ದಿನ ಬಸಿದ ಕಟ್ಟಿನಿಂದ ಒಂದು ಸಾರು, ಉಳಿದ ಬೇಳೆಯಿಂದ ಮರುದಿನ ಒಂದು ಪಲ್ಯ. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ತೋಟದ ಬದುಗಳಲ್ಲಿ ಹಕ್ಕರಕಿ ಸೊಪ್ಪು ಕಿತ್ತು ತರುತ್ತಿದ್ದೆವು. ಹಸಿಯಾಗಿಯೇ ರೊಟ್ಟಿಯ ಜೊತೆ ತಿಂದರೆ ಕಚಕಚ ಎನ್ನುವ ಆ ಸೊಪ್ಪಿಗೆ ಯಾರೂ ಕಾಸು ಕೇಳುತ್ತಿರಲಿಲ್ಲ. ನಾನು ಮೂರನೆಯ ರೊಟ್ಟಿ ಕೇಳಿದರೆ ಅಕ್ಕ ನನಗೆ ನೀರು ಕುಡಿಸುತ್ತಿದ್ದಳು. ಅದು ನನಗೆ ಒಂದಿಷ್ಟೂ ಇಷ್ಟವಿರಲಿಲ್ಲ, ಈಗಲಾದರೂ ಹೇಳಿಬಿಡುತ್ತೇನೆ.

ಹೀಗೆ ಸಂತೆಯ ಹಿಂದಿನ ದಿನ ಬಂತು. ಅಪ್ಪನಿಗೆ ಅಂದೇ ಹೊಸ ಹಾಸಿಗೆ, ಅಂದರೆ ಹೊಸ ಎಳೆಗಳಿಗೆ, ಗಂಜಿ ಹಚ್ಚುವುದಿತ್ತು. ಬಿಸಿಲು ಕಾಲವಾದ್ದರಿಂದ ಅಕ್ಕನಿಗೆ ಬೆಳಗಿನ ಶಾಲೆ. ಗಂಜಿ ಕಾಸುವುದಕ್ಕೆಂದು ನನ್ನನ್ನು ಮನೆಯಲ್ಲಿ ಉಳಿಸಿದಳು. ನಾನು ಬೇಡ ಎನ್ನಲಿಲ್ಲ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಬಟ್ಟಲಿನಲ್ಲಿ ಮಗ್ಗದ ಪಾಲಿನ ಹಿಟ್ಟು ತೆಗೆದಿಟ್ಟು, ಉಳಿದ ಹಿಟ್ಟಿನ ಡಬ್ಬಿಯನ್ನು ತಟ್ಟಿ ನೋಡಿದಳು.

"ಆರು ರೊಟ್ಟಿ ಆಗ್ತಾವ. ಅಪ್ಪಗ ಎರಡು, ಅತ್ತಿಗೆ ಎರಡು, ನಮಗ ಒಂದೊಂದು. ನೀ ಬಟ್ಟಲದಾಗಿನ ಹಿಟ್ಟು ಕಲಸಿ ನೀರಿಗೆ ಹಾಕಿ ತಿರುವು. ಗಂಟ ಆಗಬಾರದು."

ಅಕ್ಕ ಹೋದ ಮೇಲೆ ಅವಳು ಹೇಳಿದ ಹಾಗೆಯೇ ಮಾಡಿದೆ. ಹಿಟ್ಟು ಬೆಂದ ಘಮ ಬಂತು. ಗುಳ್ಳೆಗಳು ಬುಳುಬುಳು ಎಂದು ಎದ್ದು ಒಡೆದವು. ಸೌಟು ಎತ್ತಿ ನೋಡಿದರೆ ಗಂಜಿ ನೀರಿನ ಹಾಗೆ ಇಳಿಯುತ್ತಿತ್ತು. ನನಗೆ ಭಯವಾಯಿತು. ತೆಳು ಗಂಜಿಯೆಂದರೆ ಹರಿದ ಎಳೆ, ಹರಿದ ಎಳೆಯೆಂದರೆ ಮಾತಾಡದ ಅಪ್ಪ. ಗಟ್ಟಿ ಗಂಜಿಯೆಂದರೆ ಗಟ್ಟಿ ಎಳೆ, ಬೇಗ ಸೀರೆ, ತುಂಬು ಕೂಲಿ. ಕೂಲಿ ತುಂಬು ಬಂದ ವಾರ ಸಂತೆಯಿಂದ ಒಂದು ಉಂಡೆ ಬೆಲ್ಲವೂ ಬರುತ್ತಿತ್ತು. ಅಪ್ಪನ ಮೇಲಿನ ಪ್ರೀತಿ ಎಷ್ಟು, ಬೆಲ್ಲದ ಮೇಲಿನದು ಎಷ್ಟು ಎಂದು ಕೇಳಬೇಡಿ. ಡಬ್ಬಿಯನ್ನು ಎತ್ತಿ ಪಾತ್ರೆಗೆ ಬೋರಲು ಹಾಕಿದೆ. ತಳದಲ್ಲಿ ಅಂಟಿದ್ದನ್ನೂ ತಟ್ಟಿ ಉದುರಿಸಿ, ಗಂಟು ಒಡೆಯುವವರೆಗೆ ತಿರುವಿದೆ. ಆರು ರೊಟ್ಟಿಯ ನೆನಪು ಆಗ ನನಗೆ ಬರಲೇ ಇಲ್ಲ.

ಹೊರಗೆ ಓಣಿಯುದ್ದಕ್ಕೂ ಕವೆಗೋಲು ನೆಟ್ಟು ಎಳೆಗಳನ್ನು ಹರಡಿದ್ದರು. ಗಂಜಿ ಒಯ್ಯಲು ಬಂದ ಅಪ್ಪ ಸೌಟು ತಿರುವಿ ನೋಡಿ ನಕ್ಕುಬಿಟ್ಟ. "ಎಷ್ಟ ಗಟ್ಟಿ ಕಾಸಿಯವ್ವ. ಇಷ್ಟ ಗಟ್ಟಿ ಹಚ್ಚಿದ್ರ ಎಳಿ ಒಂದಕ್ಕೊಂದು ಅಂಟ್ಕೊಂಡು ಹಗ್ಗ ಆಗ್ತಾವ." ಬೇಕಾದಷ್ಟನ್ನು ಮಾತ್ರ ಹೊರಗಿನ ಬಾನಿಗೆ ಸುರಿದುಕೊಂಡು, ಅದಕ್ಕೆ ನೀರು, ಎಣ್ಣೆ ಬೆರೆಸಿ ಹದ ಮಾಡಿದ. ಅರ್ಧದಷ್ಟು ಒಲೆಯ ಮೇಲೇ ಉಳಿಯಿತು. ಮಗ್ಗಕ್ಕೆ ತನ್ನ ಪಾಲು ಎಷ್ಟೆಂದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅಕ್ಕ ಬಂದಳು. ಪಾಟಿಚೀಲವನ್ನು ಹೆಗಲಿನಿಂದ ತೆಗೆಯದೆಯೇ ಡಬ್ಬಿಗೆ ಬೆರಳು ತಟ್ಟಿದಳು. ಠಣ್ ಎಂದಿತು. ಮುಚ್ಚಳ ತೆಗೆದು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಅಳತೊಡಗಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಹೊಡೆಯಲಿಲ್ಲ. ಹೊಸ್ತಿಲ ಮೇಲೆ ಕೂತು, ಪಾಟಿಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಅಸೂಟಿಯ ದಾರಿ ಇರುವ ಕಡೆ ನೋಡಿದಳು. ಹೊಡೆದಿದ್ದರೇ ಚೆನ್ನಾಗಿತ್ತು ಎಂದು ನನಗೆ ಆಗ ಅನಿಸಿತು.

"ಚಾಚಿ ಕಡೆ ಹಿಟ್ಟ ಕಡಾ ತರ್ತೀನಿ" ಎಂದೆ. ಪಕ್ಕದ ಮನೆಯ ಚಾಚಿ ಎಮ್ಮೆ ಸಾಕಿದ್ದಳು. ನಾವೆಂದರೆ ಅವಳಿಗೆ ಬಹಳ ಅಕ್ಕರೆ.

"ಬ್ಯಾಡ. ಮನಿಯಾಗಿಂದರಾಗ ಒಂದ ವಾರ ನಡಸ್ತೀನಿ ಅಂತ ಹೇಳೀನಿ. ಕಡಾ ತಂದು ಬಡಿಸಿದ್ರ ಅತ್ತಿ ಮುಂದ ಸುಳ್ಳ ಹೇಳಿದಂಗ."

ಹಾಗೆ ಹೇಳುತ್ತಲೇ ಅವಳು ಎದ್ದು ಒಲೆಯ ಹತ್ತಿರ ಹೋದಳು. ಪಾತ್ರೆಯ ಮುಚ್ಚಳ ಸರಿಸಿ, ಉಳಿದ ಗಂಜಿಗೆ ಬೆರಳು ಅದ್ದಿ ನೆಕ್ಕಿದಳು. ಇನ್ನೂ ಬೆಚ್ಚಗಿತ್ತು. ಅದಕ್ಕೆ ಎಣ್ಣೆಗಿಣ್ಣೆ ಏನೂ ಬಿದ್ದಿರಲಿಲ್ಲ. ಅಕ್ಕನ ಮುಖ ಸ್ವಲ್ಪ ಸಡಿಲಾಯಿತು.

"ಹೋಗು, ಚಾಚಿ ಕಡೆ ಮಜ್ಜಿಗಿ ಇಸಕೊಂಡ ಬಾ."

ಮಜ್ಜಿಗೆಯನ್ನು ನಮ್ಮ ಓಣಿಯಲ್ಲಿ ಯಾರೂ ಕಡ ಎಂದು ಲೆಕ್ಕ ಹಿಡಿಯುತ್ತಿರಲಿಲ್ಲ. ಬೆಣ್ಣೆ ತೆಗೆದ ಮನೆಗೆ ಯಾರು ಚೊಂಬು ಒಯ್ದರೂ ತುಂಬಿ ಕೊಡುವುದು ರೂಢಿ. ಚೊಂಬನ್ನು ಖಾಲಿ ಒಯ್ಯಬಾರದು ಎಂದು ಅಕ್ಕ ಒಂದು ಕಾಗದದಲ್ಲಿ ಅಗಸಿ ಹಿಂಡಿ ಕಟ್ಟಿಕೊಟ್ಟಳು. ಅಗಸೆ ಬೀಜ ಹುರಿದು ಕುಟ್ಟಿದ ಆ ಖಾರದ ಪುಡಿ ಅವ್ವ ಹೋಗುವ ಮೊದಲು ಮಾಡಿಟ್ಟದ್ದು. ಚಾಚಿ ಚೊಂಬು ತುಂಬಿಸಿ, ನನ್ನ ಕಣ್ಣೊರೆಸಿ, "ಯಾಕ ಬೇಟಿ ಅಳಾಕತ್ತಿ?" ಎಂದಳು. ನಾನು ಒಲೆಯ ಹೊಗೆಯ ಮೇಲೆ ಹಾಕಿದೆ.

ಅಕ್ಕ ಗಂಜಿಗೆ ಮಜ್ಜಿಗೆ ಸುರಿದು ಕಡೆದಳು. ಬೆಳ್ಳುಳ್ಳಿ, ಜೀರಿಗೆ, ಒಂದು ಹಸಿಮೆಣಸಿನಕಾಯಿಯನ್ನು ಕಲ್ಲಿನಲ್ಲಿ ಜಜ್ಜಿ, ಉಪ್ಪಿನ ಜೊತೆ ಬೆರೆಸಿದಳು. ಮನೆಯೆಲ್ಲ ಘಮ್ಮೆಂದಿತು. ಉಳಿದಿದ್ದ ಎರಡು ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ತಾಟಿನಲ್ಲಿಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಯ ನೆರಳು ಬಿತ್ತು. ಕಂಕುಳಲ್ಲಿ ಒಂದು ಗಂಟು, ಕೈಯಲ್ಲಿ ನಮ್ಮ ಬಟ್ಟೆ ತುಂಬಿಕೊಳ್ಳಲು ತಂದ ದೊಡ್ಡ ಖಾಲಿ ಚೀಲ. ಆ ಚೀಲ ನೋಡಿ ನಾನು ಅಕ್ಕನ ಹಿಂದೆ ಸರಿದೆ.

"ಬರ್ರಿ ಅತ್ತಿ, ಕೈಕಾಲ ತೊಳಕೋರಿ. ಊಟ ಆಗೇತಿ" ಎಂದಳು ಅಕ್ಕ.

ಅಪ್ಪ, ಅತ್ತೆ ಗೋಡೆಗೆ ಒರಗಿ ಕೂತರು. ಅಕ್ಕ ಇಬ್ಬರಿಗೂ ಬಟ್ಟಲು ತುಂಬಿಸಿ ಇಟ್ಟಳು. ಅತ್ತೆ ಬಟ್ಟಲು ನೋಡಿದರು, ತಾಟು ನೋಡಿದರು. "ರೊಟ್ಟಿ ಎಲ್ಲಿ?"

"ಹಿಟ್ಟ ಮುಗದೈತ್ರಿ" ಎಂದಳು ಅಕ್ಕ. ನನ್ನ ಹೆಸರು ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. "ನಾ ಗಂಜಿಗೆ ಹಾಕೀನಿ ಅತ್ತಿ. ಅಕ್ಕ ಆರು ರೊಟ್ಟಿದು ಹಿಟ್ಟ ಉಳಿಸಿದ್ಲು. ನನ್ನೊಬ್ಬಾಕಿನ್ನ ಕರಕೊಂಡ ಹೋಗ್ರಿ."

ಅತ್ತೆ ಬಟ್ಟಲು ಎತ್ತಿ ಒಂದು ಗುಟುಕು ಕುಡಿದರು. ತಡೆದರು. ಇನ್ನೊಂದು ಗುಟುಕು ಕುಡಿದು ಅಪ್ಪನ ಕಡೆ ತಿರುಗಿದರು.

"ತಮ್ಮಾ, ಇದು ಮಗ್ಗದ ಗಂಜಿ ಅಲ್ಲೇನೋ?"

ಅಪ್ಪ ತಲೆಯಾಡಿಸಿದ. "ಹೌದು. ನಿನಗಿನ್ನೂ ರುಚಿ ನೆನಪೈತಿ ನೋಡು."

"ಹ್ಯಾಂಗ ಮರೀಲಿ? ಸಂತಿ ಹಿಂದಿನ ದಿನ ನಮ್ಮವ್ವ ಬೇಕಂತನ ಗಟ್ಟಿ ಕಾಸ್ತಿದ್ಲು. ಕೈ ತಪ್ಪೇತಿ ಅಂತ ನಮ್ಮಪ್ಪನ ಮುಂದ ಹೇಳಾಕಿ. ಉಳದಿದ್ದು ನಮಗ ಮಜ್ಜಿಗಿ ಹಾಕಿ ಕೊಡಾಕಿ. ನೀ ನನ್ನ ಪಾಲೂ ಕುಡದು ಬಟ್ಟಲ ನೆಕ್ಕಿ ಇಡ್ತಿದ್ದಿ."

ಅಪ್ಪ ನಕ್ಕ. ಅತ್ತೆಯೂ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡು, "ಮೆಣಸಿನಕಾಯಿ ಭಾಳ ಖಾರ ಐತಿ" ಎಂದರು. ಅವರಿಗೆ ತಮ್ಮ ಅವ್ವ ನೆನಪಾಗಿದ್ದಳು. ಅಷ್ಟು ಗಟ್ಟಿ ಹೆಂಗಸು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಅಕ್ಕನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, "ಇದನ್ನ ನಿನಗ ಯಾರ ಕಲಿಸಿದ್ರು?" ಎಂದು ಕೇಳಿದರು.

"ಯಾರೂ ಇಲ್ರಿ. ಅದ ಒಂದ ಉಳದಿತ್ತು."

ಅತ್ತೆ ಬಟ್ಟಲನ್ನು ಪೂರ್ತಿ ಕುಡಿದು ಕೆಳಗಿಟ್ಟರು. ಖಾಲಿ ಚೀಲವನ್ನು ಮಡಚಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಂಕುಳಿನ ಗಂಟು ಬಿಚ್ಚಿದರೆ ಅದರಲ್ಲಿ ನಮಗೆ ದಾರಿಗೆಂದು ತಂದ, ಗರಿಗರಿಯಾಗಿ ಒಣಗಿಸಿದ ಕಟಿ ರೊಟ್ಟಿಗಳು. ಅವನ್ನು ಒಲೆಯ ಪಕ್ಕದಲ್ಲಿಟ್ಟು, "ಒಲಿ ಹತ್ತೇತಿ. ನಿಮ್ಮವ್ವ ಬರೂತನ ನೀನ ಈ ಮನಿ ನೋಡ್ಕೊ, ಸಾಲಿಗೂ ಹೋಗು. ಆದ್ರ ಇಕೀನ್ನ ಹಿಟ್ಟಿನ ಡಬ್ಬಿ ಹಂತ್ಯಾಕ ಬಿಡಬ್ಯಾಡ" ಎಂದರು. ಆ ಮಧ್ಯಾಹ್ನ ನನಗೆ ಮೂರನೆಯ ರೊಟ್ಟಿಯೂ ಸಿಕ್ಕಿತು.

ಅಕ್ಕ ಪರೀಕ್ಷೆಗೆ ಕೂತಳು, ಪಾಸಾದಳು. ಮುಂದೆ ಓದಿ ಶಾಲೆಯ ಟೀಚರಾದಳು. ನೀವು ದೊಡ್ಡಜ್ಜಿ ಎನ್ನುತ್ತೀರಲ್ಲ, ಗಣಿತ ತಪ್ಪಿದರೆ ಕಿವಿ ಹಿಂಡುತ್ತಾಳಲ್ಲ, ಅವಳೇ.

ನಿಮ್ಮ ಅಮ್ಮನೂ ವಾರದ ದುಡ್ಡಿನಲ್ಲೇ ಮನೆ ನಡೆಸುತ್ತಾಳೆ, ಮಕ್ಕಳೇ. ಚೀಟಿ ಬರೆಯುವ ಬದಲು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾಳೆ, ಅಷ್ಟೇ ವ್ಯತ್ಯಾಸ. ಎಣ್ಣೆಯ ರೇಟು ನೋಡಿ ಅವಳು ಪಟ್ಟಿಯಿಂದ ಇನ್ನೊಂದನ್ನು ಅಳಿಸುವುದನ್ನು ನಾನು ನೋಡಿದ್ದೇನೆ. ನೀವು ನೋಡಿಲ್ಲ, ನಿಮಗೆ ಕಾರ್ಟೂನು ಇರುತ್ತದೆ. ನಿಮ್ಮ ಅಡುಗೆಮನೆಯ ಡಬ್ಬಿಗಳು ಪಾರದರ್ಶಕ ಪ್ಲಾಸ್ಟಿಕ್ಕಿನವು. ಒಳಗೆ ಎಷ್ಟಿದೆ ಎಂದು ದೂರದಿಂದಲೇ ಕಾಣುತ್ತದೆ, ಯಾರೂ ತಟ್ಟಬೇಕಾಗಿಲ್ಲ. ಸಂತೆಯ ಹಿಂದಿನ ದಿನವೂ ಅವುಗಳಲ್ಲಿ ಏನಾದರೂ ಇದ್ದೇ ಇರುತ್ತದೆ. ಅದನ್ನು ನೋಡಿ ನನಗೆ ಆಗುವ ಸಂತೋಷ ನಿಮಗೆ ತಿಳಿಯುವುದಿಲ್ಲ. ತಿಳಿಯದೇ ಇರಲಿ.

ಆದರೂ ದೊಡ್ಡಜ್ಜಿ ಬಂದಾಗಲೆಲ್ಲ ಚಪ್ಪಲಿ ಬಿಟ್ಟು ಮೊದಲು ಅಡುಗೆಮನೆಗೆ ಹೋಗಿ ಆ ಡಬ್ಬಿಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟುತ್ತಾಳಲ್ಲ, ನೀವು ಬಾಯಿ ಮುಚ್ಚಿಕೊಂಡು ನಗುತ್ತೀರಲ್ಲ, ಅದು ಯಾಕೆಂದು ಈಗ ಗೊತ್ತಾಯಿತೇ? ನಾನು ಪ್ರತಿ ಸಲ ಬಾಗಿಲಲ್ಲಿ ನಿಂತು ಹೇಳುತ್ತೇನೆ, "ತುಂಬ್ಯಾವ ಅಕ್ಕ, ಎಲ್ಲಾ ತುಂಬ್ಯಾವ." ಅವಳು ಹೂಂ ಎನ್ನುತ್ತಾಳೆ. ಹೂಂ ಎಂದು, ಹಿಟ್ಟಿನ ಡಬ್ಬಿಯನ್ನು ಇನ್ನೊಮ್ಮೆ ತಟ್ಟಿ ಕೇಳಿಯೇ ಹೊರಗೆ ಬರುತ್ತಾಳೆ.